ಹುಣಸೆಯ ಕಿವಿ

ಆ ದಿನವೂ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ ಸೆಗಣಿನೀರು ಚಿಮುಕಿಸಿದೆ. ಅತ್ತೆಯವರು ಲಿಂಗಪೂಜೆಗೆ ಕೂರುವ ಹೊತ್ತಿಗೆ ವಿಭೂತಿ, ನೀರಿನ ತಂಬಿಗೆ, ನಾಲ್ಕು ಕಣಗಿಲೆ ಹೂ ಮಣೆಯ ಪಕ್ಕ ಇಟ್ಟೆ. ಒಲೆಗೆ ಉರಿ ಹಾಕಿ, ರೊಟ್ಟಿಯ ಹಂಚು ಕಾಯುವಷ್ಟರಲ್ಲಿ ಮಾಳಿಗೆ ಹತ್ತಿ, ರಾತ್ರಿಯ ಇಬ್ಬನಿಗೆಂದು ಹೊದಿಸಿದ್ದ ಗೋಣಿತಟ್ಟನ್ನು ತೆಗೆದೆ. ಕೆಳಗೆ ಮೂರು ಮೊರಗಳು. ಒಂದರಲ್ಲಿ ಅತ್ತೆಯವರ ಮೆಣಸಿನಕಾಯಿ. ಉಳಿದ ಎರಡರಲ್ಲಿ ನನ್ನ ಅಣಬೆಗಳು.

ಅಣಬೆ ಎಂದರೆ ಮಳೆ ಬಿದ್ದ ಮರುದಿನ ತಿಪ್ಪೆಯ ಮೇಲೆ ಕೊಡೆ ಬಿಚ್ಚಿ ಸಂಜೆಗೆ ಕೊಳೆತುಹೋಗುವ ಜಾತಿಯಲ್ಲ. ಇವು ಮರದ ಮೈಮೇಲೆ ಗೋಡೆಗೆ ಹೊಡೆದ ಹಲಗೆಯಂತೆ ಅಡ್ಡಕ್ಕೆ ಬೆಳೆಯುತ್ತವೆ. ಒಳಗಿನ ಕಟ್ಟಿಗೆಯನ್ನು ವರ್ಷಗಟ್ಟಲೆ ತಿಂದು, ನಾರು ನಾರು ಮಾಡಿ, ಹೊರಗೆ ಇಷ್ಟಿಷ್ಟೇ ಮುಖ ತೋರಿಸುತ್ತವೆ. ಪ್ರತಿ ಮಳೆಗಾಲಕ್ಕೆ ಒಂದು ಪದರ. ಬೆರಳಿನ ಗಿಣ್ಣಿನಿಂದ ಬಡಿದರೆ ಬಾಗಿಲು ಬಡಿದ ಸದ್ದು ಬರುತ್ತದೆ. ನನ್ನ ಯಜಮಾನರು ಬೀದರದ ಜಂಗಲಾತ್ ಮಹಕಮೆಯಲ್ಲಿ, ಅಂದರೆ ಕಾಡಿನ ಇಲಾಖೆಯಲ್ಲಿ, ಗುಮಾಸ್ತರಾಗಿದ್ದರು. ಭಾಲ್ಕಿ, ಔರಾದ ಕಡೆ ತಪಾಸಣೆಯ ದೌರೆಗೆ ಹೋದಾಗ ಬೇರೆಯವರು ಹೆಂಡತಿಗೆ ಬಳೆ ತಂದಂತೆ ಇವರು ಜಾಲಿಯ ಬೊಡ್ಡೆಯಿಂದ, ಮಾವಿನ ಟೊಂಗೆಯಿಂದ ಇಂಥದನ್ನು ಮುರಿದು ಪಂಚೆಯ ಗಂಟಿನಲ್ಲಿ ತರುತ್ತಿದ್ದರು. ಆ ದಿನವೂ ಔರಾದದಲ್ಲೇ ಇದ್ದರು.

ಈ ಹುಚ್ಚು ಹಿಡಿಸಿದವರು ಕಾನ್ವೆಂಟಿನ ಒಬ್ಬ ಮುದುಕಿ ಸಿಸ್ಟರು. ತಂದೆಯವರ ನೌಕರಿ ಹೈದರಾಬಾದಿನಲ್ಲಿದ್ದಾಗ ಅಲ್ಲಿ ಏಳು ವರ್ಷ ಕಲಿತೆ. ಆ ಸಿಸ್ಟರು ಕೈಗೆ ಒಂದು ಭೂತಗನ್ನಡಿ ಕೊಟ್ಟು, "ಎರಡು ವಸ್ತು ಒಂದೇ ತರಹ ಕಂಡವು ಎಂದರೆ ನೀನು ಒಂದನ್ನೂ ಸರಿಯಾಗಿ ನೋಡಿಲ್ಲ" ಎನ್ನುತ್ತಿದ್ದರು. ಮದುವೆಯಾಗಿ ಬೀದರಕ್ಕೆ ಬಂದ ಮೇಲೂ ಪತ್ರ ಬರೆಯುವುದನ್ನು ಅವರು ಬಿಡಲಿಲ್ಲ. ನಾನು ಅಣಬೆಯ ಚಿತ್ರ ಬರೆದು, ಅಗಲ ದಪ್ಪ ಅಳೆದು, ಹೊಟ್ಟೆಯ ಸಣ್ಣ ತೂತುಗಳನ್ನು ಎಣಿಸಿ, ಯಾವ ಮರದ್ದು, ಒಳಗಿನ ಕಟ್ಟಿಗೆ ಬೆಳ್ಳಗೆ ಕೊಳೆತಿತ್ತೋ ಕಂದಾಗಿ ಪುಡಿಯಾಗಿತ್ತೋ ಎಲ್ಲ ಬರೆದು ಕಳಿಸುತ್ತಿದ್ದೆ. ಹೆಸರು ಗೊತ್ತಾಗದ್ದನ್ನು ಅವರು ಸಮುದ್ರದಾಚೆಯ ಒಬ್ಬ ಪಂಡಿತರಿಗೆ ಕಳಿಸುತ್ತಿದ್ದರು.

ಆ ಬೆಳಿಗ್ಗೆ ಒಂದೊಂದನ್ನೇ ಎತ್ತಿ ಬಡಿದು ನೋಡಿದೆ. ಹುಳ ಬಿದ್ದಿದ್ದರೆ ರವೆಯಂಥ ಪುಡಿ ಉದುರುತ್ತದೆ. ಒಂದರಿಂದ ಮಾತ್ರ ಉದುರಿತು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಟಪ್ಪಾಲಿನವನ ದಾರಿ ಕಾಯುತ್ತಿತ್ತು. ಆರು ತಿಂಗಳಿಂದ ಒಂದು ಕಾಗದಕ್ಕಾಗಿ ಕಾಯುತ್ತಿದ್ದೆ.

ಕೆಳಗಿಳಿದು ನೀರು ತುಂಬುತ್ತಿದ್ದಾಗ ಕುಳ್ಳು, ಒಲೆಗೆ ಉರಿಸುವ ಬೆರಣಿ, ಮಾರುವವಳು ಬಂದಳು. ಚಿಂತಾಕಿಯ ಕಡೆಯ ಕುರಿ ಸಾಕುವ ಮನೆಯವಳು. ಗಂಡ ಕುರಿ ಹಿಂಡಿನ ಜೊತೆ ಊರೂರು ಅಲೆಯುತ್ತಿದ್ದ. ಇವಳು ಕೋಟೆಯ ಕಂದಕದ ಆಚೆ ಗುಡಿಸಲು ಹಾಕಿಕೊಂಡು ನಾಲ್ಕು ಮನೆಗೆ ಕುಳ್ಳು ಹಾಕಿ ಬದುಕುತ್ತಿದ್ದಳು. ಜೊತೆಗೆ ಏಳು ವರ್ಷದ ಮಗಳು. ಇದ್ದದ್ದು ಅವಳೊಬ್ಬಳೇ. ಹುಡುಗಿಯ ಎರಡೂ ಕಿವಿಯಲ್ಲಿ ಅರಳೆ, ಅರಳೆಯ ಅಂಚಿಗೆ ಹಳದಿ ಕಲೆ. ಸಣ್ಣ ಸಣ್ಣ ಬಣ್ಣಗಳನ್ನು ನೋಡುವುದೇ ನನ್ನ ಚಟವಾಗಿದ್ದರಿಂದ ಆ ಹಳದಿ ನನ್ನ ಕಣ್ಣಿಗೆ ಎಷ್ಟೋ ಸಲ ಬಿದ್ದಿತ್ತು.

ಹುಡುಗಿ ನನಗೆ ಬೆನ್ನು ಮಾಡಿ ಕೋಳಿಯನ್ನು ನೋಡುತ್ತ ನಿಂತಿದ್ದಳು. ನನ್ನ ಕೈಯಿಂದ ತಾಮ್ರದ ಕೊಡ ಜಾರಿ ಹಾಸುಗಲ್ಲಿನ ಮೇಲೆ ಬಿತ್ತು. ಕೋಳಿ ರೆಕ್ಕೆ ಬಡಿದು ಗೋಡೆ ಹಾರಿತು. ಒಳಗಿನಿಂದ ಅತ್ತೆಯವರು "ಒಡೀರಿ, ಎಲ್ಲಾ ಒಡೀರಿ" ಎಂದು ಕೂಗಿದರು. ಹುಡುಗಿ ಮಾತ್ರ ತಿರುಗಲಿಲ್ಲ. ಕೋಳಿ ಯಾಕೆ ಹಾರಿತೆಂದು ಆಶ್ಚರ್ಯಪಟ್ಟು ಗೋಡೆಯನ್ನೇ ನೋಡುತ್ತಿದ್ದಳು.

"ನೋಡಿದ್ರೇನ್ರಿ ಅವ್ವಾರ?" ಎಂದಳು ತಾಯಿ. "ಎರಡು ವರ್ಷ ಭೇಷ್ ಆಗ್ಲಾಕತ್ತಿತ್ರಿ. ಎತ್ತಿನ ಗೆಜ್ಜಿ ಸಪ್ಪಳಕ್ಕ ತಿರುಗ್ತಿದ್ಲು. ಶ್ರಾವಣದಾಗ ಯಾವ ಪಾಪಿ ಕಣ್ಣು ಬಿತ್ತೋ, ಪೂರಾ ಮುಚ್ಚಿಹೋಯ್ತು. ಈಗ ನಾ ಒದರಿದರೂ ಕೇಳಂಗಿಲ್ಲ."

ನಾನು ಕೊಡ ಎತ್ತಿ ಎಲ್ಲಿ ತಗ್ಗು ಬಿದ್ದಿದೆಯೆಂದು ತಿರುಗಿಸಿ ನೋಡುತ್ತಿದ್ದೆ. "ಹೌದೇನು?" ಎಂದೆ. "ಇವತ್ತಿನ ಕುಳ್ಳು ಹಸಿ ಇಲ್ಲಲ್ಲ?"

ಇನ್ನು ಕಾಗದದ ಸಂಗತಿ ಹೇಳಬೇಕು. ನಮ್ಮ ಹಿತ್ತಲಿನಾಚೆ ಬಾವಿಗೆ ಹೋಗುವ ಹಾದಿಯಲ್ಲಿ ಒಂದು ಹಳೆಯ ಹುಣಸೆಮರ. ಹಿಂದಿನ ಬೇಸಿಗೆಯಲ್ಲಿ ಅದರ ಬುಡದಲ್ಲಿ, ಸೊಂಟದೆತ್ತರಕ್ಕೆ, ಒಂದು ಹಲಗೆ ಅಣಬೆ ನೋಡಿದೆ. ಅಂಥದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೆನ್ನು ಅರಗು ಬಳಿದಂತೆ ಹೊಳೆಯುತ್ತಿತ್ತು. ಅಂಚಿಗೆ ಬಂಗಾರದ ಬಣ್ಣ. ಬಂಗಾರ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡೆ. ನನ್ನ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಬರೆಯಲು ಕೂತಿದ್ದರೆ ಆ ಬಣ್ಣದ ಮನೆಮಾತಿನ ಹೆಸರು ತಾನಾಗಿ ಕೈಗೆ ಬರುತ್ತಿತ್ತೋ ಏನೋ.

ಅಣಬೆಯ ಮೇಲೆ ತೀಕ್ಷ್ಣವಾದ ಕ್ಷಾರದ ಹನಿ ಬಿಟ್ಟು ಬಣ್ಣ ಹೇಗೆ ತಿರುಗುತ್ತದೆಂದು ನೋಡುವ ಪದ್ಧತಿಯನ್ನು ಸಿಸ್ಟರು ಕಲಿಸಿದ್ದರು. ಅವರು ಕೊಟ್ಟ ಸೀಸೆ ಮುಗಿದಿತ್ತು. ಅತ್ತೆಯವರ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ನೀರಿನಲ್ಲಿ ಕದಡಿ, ಮೇಲಿನ ತಿಳಿ ಬಸಿದುಕೊಂಡು ಮರದ ಹತ್ತಿರ ಹೋದೆ. ಉಳಿದವೆಲ್ಲ ಆ ನೀರಿಗೆ ಕಂದಾಗುತ್ತಿದ್ದವು, ಇಲ್ಲವೇ ಸುಮ್ಮನಿರುತ್ತಿದ್ದವು. ಇದು ರಕ್ತದ ಹಾಗೆ ಕೆಂಪಾಯಿತು. ಇನ್ನೊಂದು ಹನಿ ಬಿಟ್ಟೆ. ಮತ್ತೂ ಕೆಂಪು. ಅಲ್ಲೇ ಬೇರಿನ ಮೇಲೆ ಕೂತು ಟಿಪ್ಪಣಿ ಪುಸ್ತಕ ತೆರೆದೆ.

ಸಿಸ್ಟರಿಗೆ ಚಿತ್ರ ಕಳಿಸಿದೆ. ತಮ್ಮಲ್ಲಿರುವ ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ, ಹೊಸದೇ ಇರಬಹುದು, ಇಡೀ ಅಣಬೆಯನ್ನೇ ಕಳಿಸು ಎಂದು ಉತ್ತರ ಬಂತು. ಹೊಸದಾದರೆ ಪಂಡಿತರು ಅದಕ್ಕೆ ಸಿಕ್ಕ ಊರಿನ ಹೆಸರನ್ನೇ ಇಡುವುದುಂಟಂತೆ. ಶ್ರಾವಣದ ಒಂದು ಜಿಟಿಜಿಟಿ ಮಧ್ಯಾಹ್ನ, ಹಾದಿಯಲ್ಲಿ ಯಾರೂ ಇಲ್ಲದಾಗ, ಯಜಮಾನರ ಗರಗಸ ತೆಗೆದುಕೊಂಡು ಹೋಗಿ ಅದನ್ನು ಬುಡಸಮೇತ ಕೊಯ್ದೆ. ಪದರ ಎಣಿಸಿದೆ. ಕೊನೆಯ ಎರಡು ಮಳೆಗಾಲದ ಪದರಗಳು ಉಳಿದವುಗಳಿಗಿಂತ ದಪ್ಪಗಿದ್ದವು. ಅದನ್ನೂ ಬರೆದೆ. ಬಟ್ಟೆ ಸುತ್ತಿ, ಡಬ್ಬಿಗೆ ಹಾಕಿ ಕಳಿಸಿದ ಮೇಲೆ ಟಿಪ್ಪಣಿ ಪುಸ್ತಕದ ಒಂದು ಹೊಸ ಹಾಳೆಯ ತಲೆಯಲ್ಲಿ, ಲ್ಯಾಟಿನ್ನಿನಲ್ಲಿ 'ಬೀದರದ್ದು' ಎಂದು ಅರ್ಥ ಬರುವ ಹೆಸರನ್ನು ದುಂಡಗೆ ಬರೆದಿಟ್ಟೆ. ಯಾರೂ ಕೊಡದ ಹೆಸರು. ಆರು ತಿಂಗಳು, ದಿನಕ್ಕೊಮ್ಮೆಯಾದರೂ ಆ ಹಾಳೆ ತೆರೆದು ನೋಡುತ್ತಿದ್ದೆ.

ಟಪ್ಪಾಲಿನವನು ಬಂದದ್ದು ಮಧ್ಯಾಹ್ನ, ಅತ್ತೆಯವರು ಊಟ ಮುಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ. ಸಿಸ್ಟರು ಎರಡೇ ಸಾಲು ಬರೆದಿದ್ದರು: ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎಲ್ಲರಿಂದಲೂ ತಪ್ಪಾಗುತ್ತದೆ. ಜೊತೆಗೆ ಪಂಡಿತರ ಕಾಗದ. ಬೀದರದ ಆ ಬಾಯಿಯವರು, ಆ ಮಹಿಳೆ, ಮಾದರಿಯನ್ನು ಬಹಳ ಆಸ್ಥೆಯಿಂದ ತಯಾರಿಸಿದ್ದಾರೆ, ಒಗ್ಗರಣೆಯೊಂದು ಮಾತ್ರ ಬಾಕಿ, ಎಂದು ಶುರುವಾಗಿತ್ತು. ಹೊಳಪು ಎಣ್ಣೆಯದು. ಬಂಗಾರ ಅರಿಶಿಣದ್ದು. ಅರಿಶಿಣಕ್ಕೆ ಕ್ಷಾರ ತಗಲಿದರೆ ಕೆಂಪಾಗುತ್ತದೆ, ಇದು ಸಾರಿನ ಕಲೆಗೆ ಸಾಬೂನು ಹಚ್ಚಿದ ಪ್ರತಿಯೊಬ್ಬ ಅಗಸನಿಗೂ ಗೊತ್ತು. ತೊಳೆದು ನೋಡಿದರೆ ಒಳಗಿರುವುದು ಬಿಸಿಲು ದೇಶಗಳಲ್ಲೆಲ್ಲ ಕಾಲಿಗೆ ತೊಡರುವ ಮಾಮೂಲು ಜಾತಿ, ನನ್ನ ಬಳಿ ಎರಡು ಖಾನೆ ತುಂಬ ಇವೆ. ಅರ್ಧ ತೊಳೆದ ಈ ತುಂಡನ್ನು ಬಂದವರಿಗೆ ತೋರಿಸಿ ನಗಲು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬಾಯಿಯವರಿಗೆ ಅಡಿಗೆಗೆ ಬೇಕಿದ್ದರೆ ತಿಳಿಸಲಿ, ಹಿಂದಕ್ಕೆ ಕಳಿಸುತ್ತೇನೆ.

"ಏನ್ ಬರದಾನ ನಿನ್ನ ಸಾಹೇಬ?" ಎಂದರು ಅತ್ತೆಯವರು.

ಸುಳ್ಳು ಹೇಳಲು ಸಮಯ ಸಿಗಲಿಲ್ಲ. ಎಣ್ಣೆ, ಅರಿಶಿಣ, ಕೆಂಪು, ಇಷ್ಟು ಹೇಳಿದೆ.

ಅವರು ನನ್ನ ಮುಖ ನೋಡಿದರು. ಬಾಯಲ್ಲಿನ ಎಲೆ ಒಂದು ಕಡೆ ಸರಿಸಿದರು. ಆಮೇಲೆ ನಗಲು ಶುರು ಮಾಡಿದವರು ಗೋಡೆ ಹಿಡಿದುಕೊಂಡರು. "ಅರಿಶಿಣಕ್ಕ ಸುಣ್ಣ ಬಿದ್ದರ ಕೆಂಪಾಗ್ತದಂತ ತೊಟ್ಟಿಲದಾಗಿನ ಕೂಸಿಗೂ ಗೊತ್ತದ! ಯಾರು ಮನಿಗೆ ಬಂದರೂ ಆರತಿಗೆ ಕೆಂಪನೀರು ಕಲಸಾಕಿ ನೀನೇ. ಹೋದ ವಾರ ಕಲಸಲಿಲ್ಲೇನು? ಅದನ್ನೇ ಗಿಡದ ಮ್ಯಾಲ ಕಲಸಿ ಹೊಸದು ಹುಟ್ಟ್ಯಾದಂತ ವಿಲಾಯತಿಗೆ ಕಳಸಿದಿ?"

ಅಷ್ಟಕ್ಕೇ ಬಿಡಲಿಲ್ಲ. ಗೋಡೆಯಾಚೆಯ ಮನೆಯವಳನ್ನು ಕರೆದರು. ಭಾಲ್ಕಿಯಿಂದ ಬಂದು ನೆಲೆಸಿದ ಬೇಳೆ ವ್ಯಾಪಾರಿಯ ಹೆಂಡತಿ, ನನ್ನದೇ ವಯಸ್ಸಿನವಳು. ಅವಳಿಗೆ ಮೊದಲಿನಿಂದ ಹೇಳಿದರು. "ಸಾಲಿ ಕಲತ ಸೊಸಿ ಬೇಕಂದಾ ನನ್ನ ಮಗ. ತಗೋ, ಬಂದದ." ಅವಳು ಸೆರಗು ಬಾಯಿಗೆ ಒತ್ತಿಕೊಂಡು, "ಹೋಗ್ಲಿ ಬಿಡ್ರಿ ಅತ್ತಿ, ಪಾಪ ವೈನಿ ಮಾರಿ ನೋಡ್ರಿ, ಸುಣ್ಣ ಬೀಳದೇ ಕೆಂಪಾಗ್ಯಾದ" ಎಂದು, ತೊಗರಿಬೇಳೆ ಕೇರುವುದಿದೆಯೆಂದು ಒಳಗೆ ಹೋದಳು.

"ಅರಿಶಿಣ ಯಾರು ಹಚ್ಚಿದರು?" ಎಂದು ಕೇಳಿದೆ.

"ಯಾರು ಹಚ್ಚತಾರ, ಆ ಕುಳ್ಳಿನಾಕಿ. ಸೋಮವಾರಕ್ಕೊಮ್ಮಿ ನಸುಕಿನ್ಯಾಗ ಬಂದು ಆ ಅಣಬಿಗಿ ಎಣ್ಣಿ ಅರಿಶಿಣ ಹಚ್ಚಿ, ಏನೋ ಒಟಗುಡತಿದ್ಲು. ನಾ ಬಾವಿಗಿ ಹೋದಾಗ ನೋಡೀನಿ."

"ನನಗೆ ಯಾಕೆ ಹೇಳಲಿಲ್ಲ?"

"ನೀ ಕೇಳಿದ್ದೇನು?"

ನಾನು ಮೆತ್ತಗಿನವಳೆಂದು ಎಲ್ಲರೂ ಹೇಳುತ್ತಿದ್ದರು. ಆ ಮಧ್ಯಾಹ್ನ ಪಾತ್ರೆ ತೊಳೆಯುವಾಗ ನನಗೆ ಬೇಕಾಗಿದ್ದದ್ದು ಒಂದೇ, ಈ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳುವುದು. ನನ್ನನ್ನು ನೋಡಿ ನಕ್ಕವರು ಸಮುದ್ರದಾಚೆ ಒಬ್ಬರು, ಎಲೆ ಅಡಿಕೆಯ ಡಬ್ಬಿಯ ಮುಂದೆ ಒಬ್ಬರು. ಇಬ್ಬರಿಗೂ ಏನೂ ಹೇಳುವಂತಿರಲಿಲ್ಲ. ಹೇಳಬಹುದಾದವಳು ಒಬ್ಬಳೇ ಇದ್ದಳು. ಅವಳು ಮೂರನೇ ಪ್ರಹರಕ್ಕೆ ಮಜ್ಜಿಗೆ ತೆಗೆದುಕೊಂಡು ಹೋಗಲು ಬರುತ್ತಿದ್ದಳು.

ಬಂದಳು. ಹುಡುಗಿ ಹಿತ್ತಲಿನ ಬಾಗಿಲಲ್ಲಿ ಕೂತು ಹುಣಸೆಬೀಜದಿಂದ ಆಡತೊಡಗಿದಳು.

"ಹುಣಸೆಮರದ ಅಣಬೆಗೆ ಅರಿಶಿಣ ಹಚ್ಚಿದವಳು ನೀನೇನು?" ಎಂದೆ.

ಅವಳ ಮುಖ ಅರಳಿತು. ಅದನ್ನು ನಾನು ಮರೆತಿಲ್ಲ. "ಹೌದ್ರಿ ಅವ್ವಾರ! ಅದು ಎಲ್ಲಿ ಹೋತಂತ ನಿಮಗ ಗೊತ್ತದೇನ್ರಿ? ಆರು ತಿಂಗಳಾತು ಹುಡುಕಲಾಕತ್ತೀನಿ. ಮಂಗ್ಯಾ ಕಿತ್ತಿದ್ದರ ಚೂರಾರೆ ಬೀಳಬೇಕಿತ್ತು. ಯಾರೋ ಕೊಯ್ದಾರ್ರಿ, ಗರಗಸದ್ಲೆ ಕೊಯ್ದಾರ."

ಕೇಳದೆಯೇ ಎಲ್ಲ ಹೇಳಿದಳು. ಹುಡುಗಿಯ ಕಿವಿ ಸೋರಲು ಹತ್ತಿದಾಗ ಔರಾದದಲ್ಲಿ ಒಬ್ಬ ಮದ್ದು ಕೊಡುವ ಅಜ್ಜ ಹೇಳಿದ್ದನಂತೆ: ಯಾವ ಗಿಡಕ್ಕೆ ಕಿವಿ ಮೂಡಿದೆಯೋ ನೋಡು. ಅದಕ್ಕೆ ಸೋಮವಾರ ಎಣ್ಣೆ ಅರಿಶಿಣ ಹಚ್ಚಿ, ಕೂಸಿನ ಹೆಸರನ್ನು ಅದರೊಳಗೆ ಮೂರು ಸಲ ಹೇಳು. ಗಿಡದ ಕಿವಿ ಬೆಳೆದಂತೆ ಕೂಸಿನ ಕಿವಿ ತೆರೆಯುತ್ತದೆ. "ಎರಡು ಮಳಿಗೆ ಎರಡು ಬಟ್ಟು ಬೆಳದಿತ್ರಿ. ಆಣಿ ಮಾಡಿ ಹೇಳ್ತೇನಿ, ನಾ ಬೆರಳಿಟ್ಟು ಅಳೀತಿದ್ದೆ. ಇಕಿಗೂ ಒಂದೊಂದು ಸಪ್ಪಳ ಕೇಳಲಾಕ ಹತ್ತಿತ್ತು."

ಎರಡು ಮಳೆಗಾಲ, ದಪ್ಪ ಪದರ. ನಾನೂ ಅಳೆದಿದ್ದೆ.

ಅತ್ತೆಯವರು ಒಳಗಿನಿಂದ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಿದ್ದರು. "ಯಾರು ಕೊಯ್ದಾರಂತ ಊರೆಲ್ಲಾ ಯಾಕ ಕೇಳ್ತಿ?" ಎಂದರು. "ನಿನ್ನ ಮುಂದ ನಿಂತಾಳ ನೋಡು. ಅಕಿನೇ ಕೊಯ್ದಾಳ."

ಅವಳು ನನ್ನನ್ನು ನೋಡಿದಳು, ಅತ್ತೆಯವರನ್ನು ನೋಡಿದಳು. ದೊಡ್ಡವರ ಮನೆಯ ಚೇಷ್ಟೆಯೇನೋ ಎಂದುಕೊಂಡು ಸ್ವಲ್ಪ ನಕ್ಕಳು ಕೂಡ. ನಾನು ನಗದೆ ಇದ್ದಾಗ ಅವಳ ನಗೆ ನಿಂತಿತು.

"ನಾನೇ ಕೊಯ್ದೆ" ಎಂದೆ. "ಅದು ಕಿವಿಯಲ್ಲ. ಅದು ಮರ ತಿನ್ನುವ ಅಣಬೆ. ನೀನು ಹಚ್ಚಿದ ಅರಿಶಿಣದಿಂದ ನಾನು ನಾಲ್ಕು ಜನರಲ್ಲಿ ನಗೆಗೀಡಾದೆ. ಬೇರೆಯವರ ಹಾದಿಯಲ್ಲಿರುವ ಮರಕ್ಕೆ ಬಳಿಯಲು ನಿನಗೆ ಯಾರು ಹೇಳಿದರು? ಹಚ್ಚುವವಳು ಒಂದು ಮಾತು ಹೇಳಿ ಹಚ್ಚಬಾರದೆ? ನಿನ್ನ ಹುಡುಗಿಯ ಕಿವಿಗೂ ಅದಕ್ಕೂ ಏನು ಸಂಬಂಧ?"

ದನಿ ಏರಿಸಲಿಲ್ಲ. ಕಾನ್ವೆಂಟಿನಲ್ಲಿ ಅದನ್ನೂ ಕಲಿಸಿದ್ದರು.

ಅವಳು ನನ್ನ ಕಾಲು ಹಿಡಿದಳು. "ತಪ್ಪಾತ್ರಿ ಅವ್ವಾರ, ನನ್ನದೇ ತಪ್ಪು. ಹೇಳಬೇಕಿತ್ತು, ನಾ ಹೇಳಲಿಲ್ಲ. ಅದನ್ನ ನನಗ ಕೊಟ್ಟುಬಿಡ್ರಿ. ಒಣಗಿದ್ದರೂ ನಡೀತದ್ರಿ. ಅಲ್ಲೇ ಇಟ್ಟು, ದಾರ ಸುತ್ತಿ, ಸೆಗಣಿ ಮೆತ್ತತೇನಿ. ಅದಕ ನನ್ನ ಮಗಳ ಹೆಸರು ಗೊತ್ತದ್ರಿ."

ಆಗ ನಾನು ಒಂದು ಉಪಕಾರ ಮಾಡಲು ಹೋದೆ. ಮಾಳಿಗೆಯಿಂದ ಮೊರವನ್ನೇ ಇಳಿಸಿ ತಂದೆ. ಪಂಡಿತರು ಹೇಳಿದ ಆ ಮಾಮೂಲು ಜಾತಿಯದು ನನ್ನಲ್ಲಿ ಮೂರು ಇದ್ದವು. ಅವುಗಳಲ್ಲಿ ದೊಡ್ಡದನ್ನು, ಸಾಯಗಾಂವದ ಮಾವಿನಮರದ್ದನ್ನು, ಆರಿಸಿ ಅವಳ ಕೈಗಿಟ್ಟೆ. "ತಗೋ. ಇದೂ ಅದೇ. ಕೂದಲೆಳೆಯಷ್ಟೂ ಫರಕಿಲ್ಲ."

ಅವಳು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ತಿರುಗಿಸಿದಳು. ಹೊಟ್ಟೆ ನೋಡಿದಳು, ಅಂಚು ಮುಟ್ಟಿದಳು. ಭೂತಗನ್ನಡಿ ಹಿಡಿದು ನಾನೂ ಅಷ್ಟು ಹೊತ್ತು ನೋಡುತ್ತಿರಲಿಲ್ಲ.

"ಇದು ಯಾರ ಕಿವಿರಿ?" ಎಂದಳು.

"ಯಾರದೂ ಅಲ್ಲ. ಎಲ್ಲ ಒಂದೇ ಜಾತಿ ಎಂದೆನಲ್ಲ."

"ಜಾತಿ ಒಂದೇ ಇರಬಹುದ್ರಿ." ಅದನ್ನು ನಿಧಾನವಾಗಿ, ಉಳಿದವಕ್ಕೆ ತಗಲದಂತೆ ಮೊರದಲ್ಲಿ ಇಟ್ಟಳು. "ಯಾವ ತಾಯಿ ಯಾರ ಹೆಸರು ಹೇಳಿದ್ಲೋ ಇದರಾಗ. ಅಕಿ ಕೂಸಿನ ಪಾಪ ನನಗ ಬ್ಯಾಡ." ಆಮೇಲೆ ಕಣ್ಣೊರೆಸಿಕೊಂಡು, ಕೊನೆಯ ಆಸೆಯನ್ನು ಹೇಳಿದಳು. "ಕಳಸಿದ ಊರಿಗೆ ಒಂದು ಕಾಗದ ಬರೀರಿ ಅವ್ವಾರ. ನಿಮಗ ಬರೀಲಾಕ ಬರ್ತದ. ಎಷ್ಟು ದಿನ ಆದರೂ ಕಾಯ್ತೇನಿ."

ಕಾಗದ ನನ್ನ ಸೊಂಟದಲ್ಲೇ ಇತ್ತು. ಹಿಂದಕ್ಕೆ ಕಳಿಸುತ್ತೇನೆ ಎಂದು ಅದರಲ್ಲಿ ಬರೆದಿತ್ತು. ನಾನು ಮಾಡಬೇಕಾಗಿದ್ದದ್ದು ಒಂದು ಸಾಲು ಬರೆಯುವುದು: ದಯವಿಟ್ಟು ಕಳಿಸಿ. ಆದರೆ ಆ ಸಾಲು ಓದಿ ಅವರು ಮತ್ತೊಮ್ಮೆ ನಗುತ್ತಾರೆ, ಬಾಯಿಯವರಿಗೆ ಅಡಿಗೆಗೆ ನಿಜವಾಗಿಯೂ ಬೇಕಂತೆ ಎಂದು ಬಂದವರಿಗೆ ಹೇಳುತ್ತಾರೆ. ಅದು ನನ್ನ ಕಣ್ಣಿಗೆ ಕಟ್ಟಿತು. ಹುಡುಗಿಯ ಕಿವಿಯ ಅರಳೆಯೂ ಕಣ್ಣೆದುರಿಗೇ ಇತ್ತು. ಎರಡರಲ್ಲಿ ಒಂದನ್ನು ಆರಿಸಿಕೊಂಡೆ.

"ಅವರು ಅದನ್ನು ಕೊಯ್ದು ಚೂರು ಮಾಡಿ ಒಲೆಗೆ ಹಾಕಿದರು" ಎಂದೆ. "ಈ ಕಾಗದದಲ್ಲೇ ಬರೆದಿದ್ದಾರೆ."

ಕಾಗದ ತೆಗೆದು ತೋರಿಸಿದೆ ಕೂಡ. ಅವಳು ಓದಲು ಬಾರದ ಆ ಅಕ್ಷರಗಳನ್ನು ನೋಡಿದಳು. ಬೆರಳಿನಿಂದ ಒಂದು ಸಾಲನ್ನು ಮುಟ್ಟಿದಳು. "ಸುಟ್ಟರಾ?" ಎಂದಳು. ಅಷ್ಟೇ. ಮಜ್ಜಿಗೆಯ ಗಡಿಗೆಯನ್ನು ಅಲ್ಲೇ ಬಿಟ್ಟು ಎದ್ದಳು. ಬಾಗಿಲಿಗೆ ಹೋಗಿ, ಮಗಳ ಹಿಂದೆ ನಿಂತು, ಹೆಸರು ಹಿಡಿದು ಕರೆದಳು. ಹುಡುಗಿ ಬೀಜ ಜೋಡಿಸುತ್ತಲೇ ಇದ್ದಳು. ಆಮೇಲೆ ತಾಯಿ ಬಗ್ಗಿ ಅವಳ ಭುಜ ಮುಟ್ಟಿದಳು.

"ಗಡಿಗಿ ಬಿಟ್ಟು ಹೋದ್ಲು. ನಾಳಿಂದ ಕುಳ್ಳಿಗೆ ಬ್ಯಾರೆಯಾಕಿನ್ನ ನೋಡಬೇಕು" ಎಂದರು ಅತ್ತೆಯವರು.

ಹೊತ್ತು ಇಳಿಯುವಾಗ ಮೊರಗಳನ್ನು ಒಳಗಿಟ್ಟು, ಟಿಪ್ಪಣಿ ಪುಸ್ತಕ ತೆಗೆದು, ನಾನು ಹೆಸರು ಬರೆದಿದ್ದ ಹಾಳೆಯನ್ನು ಅಂಚು ಕಾಣದಂತೆ ಹರಿದೆ. ಅದರ ಜಾಗದಲ್ಲಿ ಆ ಮಾಮೂಲು ಜಾತಿಯ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹುಣಸೆ, ಬೀದರ, ಒಂದು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ದೀಪಕ್ಕೆ ಎಣ್ಣೆ ಹಾಕಲು ಹಿತ್ತಲಿಗೆ ಬಂದಾಗ ಗೋಡೆಯಾಚೆ ಪಕ್ಕದ ಮನೆಯವಳು ಬೇಳೆಯ ಹೊಟ್ಟು ಚೆಲ್ಲಿ ಮೊರ ಬಡಿಯುತ್ತಿದ್ದಳು.

"ಈಗ ಬಾವಿಯಿಂದ ಬಂದೀನ್ರಿ ವೈನಿ" ಎಂದಳು. "ಆ ಕುಳ್ಳಿನಾಕಿ ಹುಣಸಿ ಗಿಡದ ಬುಡಕ್ಕ ಮಾರಿ ಹಚ್ಚಿ ಕುಂತಿದ್ಲು. ಮಗಳು ನಡುಹಾದ್ಯಾಗ. ಹಿಂದ ಎತ್ತಿನ ಬಂಡಿ, ಗೆಜ್ಜಿ ಸಪ್ಪಳ ಊರಿಗೆಲ್ಲಾ ಕೇಳಲಾಕತ್ತಿತ್ತು. ಬದಿಗಿ ಸರಿ, ಸರಿ ಅಂತ ನಾ ಮೂರು ಸಲ ಒದರಿದೆ. ತಿರುಗಿ ಸುದ್ಧಾ ನೋಡಲಿಲ್ಲ. ಬಂಡಿಯಾವನೇ ಎತ್ತು ಜಗ್ಗಿ ನಿಂದರಿಸಿದ. ಅಷ್ಟು ಸಣ್ಣ ಹುಡುಗಿಗಿ ಅದೇನು ಸೊಕ್ಕ್ರೀ!"